ಬಿಸಿಲು ಉಣ್ಣುವ ಮಾವ

“ಈಸೂರಿನವನು ಕಣೇ ನಾನು! ಬ್ರಿಟಿಷರಿಗೇ ಬಗ್ಗದ ಊರು ನಮ್ದು. ಬಿಸಿಲು ಕುಡಿದು ಬದುಕ್ತೀನಿ ಅನ್ನೋ ನಿನ್ನ ಸೋದರಮಾವನಿಗೆ ಬಗ್ತೀನಾ? ವೈಜ್ಞಾನಿಕವಾಗಿ ಪರೀಕ್ಷೆ ಮಾಡಿ ಬಣ್ಣ ಬಯಲು ಮಾಡ್ತೀನಿ!”

ಶಿಕಾರಿಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಶ್ರೀನಾಥ ಮೇಷ್ಟ್ರು ಹೆಂಡತಿ ನಾಗವೇಣಿಯ ಮುಂದೆ ಹೀಗೆ ಗುಡುಗಿದ್ದು, ಮೂರನೆಯ ಸಲ ಅನ್ನ ಬಡಿಸಿಕೊಳ್ಳುತ್ತಾ.

ಸೊರಬದ ಕಡೆ ಕುಪ್ಪಗಡ್ಡೆಯಲ್ಲಿರುವ ಆ ಸೋದರಮಾವ ಹುಚ್ಚರಾಯಪ್ಪ, ವರ್ಷದಿಂದ ಅನ್ನ ಬಿಟ್ಟು ಬರೀ ಎಳೆಬಿಸಿಲಿನಲ್ಲಿ ಬದುಕಿದ್ದೇನೆಂದು ಸಾರಿಕೊಂಡಿದ್ದರು. ಅವರ ಹೊಟ್ಟೆ ಮಾತ್ರ ಈ ಸುದ್ದಿಯನ್ನು ಇನ್ನೂ ನಂಬಿರಲಿಲ್ಲ. ಅವರಿಗಿಂತ ಮೊದಲೇ ಹೊಸ್ತಿಲು ದಾಟುತ್ತಿತ್ತು. ನಂಬಿದವರು ಅವರ ತಂಗಿ, ನಾಗವೇಣಿಯ ತಾಯಿ ವರದಮ್ಮ. ಮಗಳ ಮನೆಯಲ್ಲೇ ಇರುವ ಈ ಅತ್ತೆ ಅಣ್ಣನ ದಾರಿ ಹಿಡಿದು ರಾತ್ರಿಯೂಟ ಬಿಟ್ಟು, ಹೋದ ವಾರ ಹಿತ್ತಿಲಲ್ಲಿ ತಲೆಸುತ್ತಿ ಕುಸಿದಿದ್ದರು. ಅತ್ತೆಯೆಂದರೆ ಮೇಷ್ಟ್ರಿಗೆ ಪ್ರಾಣ. ಅವರಿಗೆ ನಿಜಕ್ಕೂ ಭಯವಾಗಿತ್ತು.

ಕರೆದ ಕೂಡಲೇ ಮಾವ ಬಂದರು. ಕೊಠಡಿಗೆ ಹೊರಗಿನಿಂದ ಬೀಗ, ಒಳಗೆ ಕ್ಯಾಮೆರಾ, ಅದರ ಚಿತ್ರ ನಾಗವೇಣಿಯ ಮೊಬೈಲಿನಲ್ಲಿ, ಅಡಿಕೆ ಮಂಡಿಯಿಂದ ಎರವಲು ತಂದ ತೂಕದ ಯಂತ್ರ. ಎಂಥಾ ಏರ್ಪಾಡು! ಜೇಬು, ಹಾಸಿಗೆ, ದಿಂಬು ಎಲ್ಲ ತಡಕಿದ್ದಾಯಿತು. ಮಾವನ ದೇವರ ಪೆಟ್ಟಿಗೆಗೆ ಕೈ ಹಾಕಿದಾಗ ನಾಗವೇಣಿ ಸಿಡಿದಳು.

“ಸ್ನಾನ ಇಲ್ಲ, ಮಡಿ ಇಲ್ಲ, ದೇವರ ಪೆಟ್ಟಿಗೆ ಮುಟ್ತೀರೇನ್ರೀ?”

ವಿಜ್ಞಾನ ಕೈ ಹಿಂದೆಗೆದುಕೊಂಡಿತು.

ಮಧ್ಯಾಹ್ನ ಮೇಷ್ಟ್ರು ತಟ್ಟೆ ಹಾಕಿಕೊಂಡು ಕೂತರು. ತಟ್ಟೆ ಖಾಲಿಯೇ ಉಳಿಯಿತು.

“ಏನೇ, ಅಡುಗೆ?”

“ಮನೆಗೆ ಬಂದ ಹಿರಿಯರು ಉಣ್ಣದೆ ನಾವು ಉಣ್ಣೋದಾ? ಎಲ್ಲಾದ್ರೂ ಐತೇನ್ರೀ?”

“ಅವರು ಉಣ್ಣೋದೇ ಇಲ್ವಲ್ಲೇ!”

“ಹಂಗಾದ್ರೆ ನಾವೂ ಉಣ್ಣಂಗಿಲ್ಲ.”

“ಹೋಟ್ಲಿಗಾದ್ರೂ ಹೋಗಿ ಬರ್ತೀನಿ.”

ಬೀಗದ ಹಿಂದಿನಿಂದ ಮಾವನ ದನಿ ಬಂತು: “ಕಾಯೋರು ಎದ್ದು ಹೋದ್ರೆ ಪರೀಕ್ಷೆ ಬಿದ್ದು ಹೋಯ್ತು ಮಾರಾಯ್ರೇ!”

ಮೇಷ್ಟ್ರು ಕೂತರು. ರಾತ್ರಿಯೆಲ್ಲ ಮೊಬೈಲಿನಲ್ಲಿ ಕಂಡದ್ದು, ದೇವರ ಪೆಟ್ಟಿಗೆ ಮಡಿಲಲ್ಲಿಟ್ಟು, ಕಂಬಳಿ ಮುಸುಕು ಹೊದ್ದು ಮಾವ ಮಾಡುತ್ತಿದ್ದ ಧ್ಯಾನವೊಂದೇ. ಬೆಳಿಗ್ಗೆ ತೂಗಿದರೆ ಅವರ ತೂಕ ಕೂದಲೆಳೆಯಷ್ಟೂ ಇಳಿದಿಲ್ಲ! ಇಳಿದದ್ದು ಮೇಷ್ಟ್ರ ಪ್ಯಾಂಟು.

ವರದಮ್ಮ ಕೈಮುಗಿದರು. “ಅಣ್ಣ ಗೆದ್ದ. ಇನ್ಮೇಲೆ ನಂಗೂ ಊಟಾನೇ ಬ್ಯಾಡ.”

ಇನ್ನು ಸುಮ್ಮನಿದ್ದರೆ ಅತ್ತೆ ಉಳಿಯುವುದಿಲ್ಲ ಎನಿಸಿತು ಮೇಷ್ಟ್ರಿಗೆ. ಮಾವ ಹಿತ್ತಿಲ ಬಚ್ಚಲಿಗೆ ಸ್ನಾನಕ್ಕೆ ಹೋದದ್ದೇ ತಡ, ತಾವೂ ಅಂಗಳದ ನಲ್ಲಿಯಡಿ ತಲೆಯೊಡ್ಡಿ, ಒದ್ದೆ ಬಟ್ಟೆಯಲ್ಲೇ ಕೊಠಡಿಗೆ ನುಗ್ಗಿ ದೇವರ ಪೆಟ್ಟಿಗೆ ತೆರೆದರು. ಮೇಲೆ ಗಂಟೆ, ಊದುಬತ್ತಿ. ಕೆಳಗೆ ಮಡಿಪಂಚೆಯ ಗಂಟಿನಲ್ಲಿ, ತುಪ್ಪದಿಂದ ಘಮಘಮಿಸುವ ರವೆ ಉಂಡೆ!

ಸಿಕ್ಕಿತು ಸಾಕ್ಷಿ! ಆದರೆ ವಿಜ್ಞಾನ ತಿಳಿದವನು ಬರೀ ಕಣ್ಣನ್ನು ನಂಬಿದರಾದೀತೇ? ಖಚಿತಪಡಿಸಿಕೊಳ್ಳಲು ಒಂದನ್ನು ಬಾಯಿಗೆ ಹಾಕಿಕೊಂಡರು. ರವೆಯೇ. ಒಂದೇ ಪ್ರಯೋಗದಿಂದ ತೀರ್ಮಾನಕ್ಕೆ ಬರಬಾರದೆಂದು ಇನ್ನೊಂದು. ಅದರಲ್ಲಿ ದ್ರಾಕ್ಷಿ ಸಿಕ್ಕಿತು, ಹೊಸ ಸಂಶೋಧನೆ! ಆಮೇಲಿನ ಪ್ರಯೋಗಗಳಿಗೆ ಲೆಕ್ಕವಿಲ್ಲ. ಮೈಮೇಲೆ ಎಚ್ಚರ ಬಂದಾಗ ಗಂಟು ಖಾಲಿಯಾಗಿತ್ತು.

“ರೀ!”

ಬಾಗಿಲಲ್ಲಿ ಮೊಬೈಲ್ ಹಿಡಿದ ನಾಗವೇಣಿ, ಅವಳ ಹಿಂದೆ ವರದಮ್ಮ. ಕ್ಯಾಮೆರಾ ತನ್ನ ಕರ್ತವ್ಯ ಮರೆತಿರಲಿಲ್ಲ!

“ಇದು ನಿಮ್ಮ ಮಾವ ಬಚ್ಚಿಟ್ಟ ತಿಂಡಿ ಕಣೇ! ಸಾಕ್ಷಿ ಸಮೇತ ಹಿಡಿದೆ!”

“ದೇವರ ನೈವೇದ್ಯ ಕದ್ದು ತಿಂದು ಮಾತು ಬೇರೆ! ಎಲ್ಲೈತಿ ಸಾಕ್ಷಿ? ತೋರಿಸ್ರಿ.”

ಮೇಷ್ಟ್ರು ಹೊಟ್ಟೆ ಮುಟ್ಟಿಕೊಂಡರು. ಅಷ್ಟರಲ್ಲಿ ಒದ್ದೆ ಪಂಚೆಯಲ್ಲಿ ಬಂದ ಹುಚ್ಚರಾಯಪ್ಪ ಖಾಲಿ ಗಂಟು ಕಂಡು ಹೌಹಾರಿದರು.

“ಅಯ್ಯಯ್ಯೋ, ಅಷ್ಟೂ ತಿಂದ್ರಾ ಮಾರಾಯ್ರೇ! ರಾತ್ರಿಗೆ ನಾನೇನು ತಿನ್ಲಿ?”

ವರದಮ್ಮ ಅಣ್ಣನನ್ನೊಮ್ಮೆ, ಅಳಿಯನನ್ನೊಮ್ಮೆ ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿದರು.

“ನಾಗೂ, ಕುಕ್ಕರ್ ಇಡು. ನಂಗೂ ಸೇರಿಸಿ ಅಕ್ಕಿ ಹಾಕು.”

ಮೇಷ್ಟ್ರಿಗೆ ಸಂತೋಷದಿಂದ ಕಣ್ಣು ತುಂಬಿತು. ಎದೆ ಸೆಟೆಸಿ, ಗಂಟಲು ಸರಿಪಡಿಸಿಕೊಂಡು, “ನೋಡಿದ್ರಾ? ವಿಜ್ಞಾನದ ಮುಂದೆ ಯಾವತ್ತೂ…” ಎಂದು ಶುರುಮಾಡಿದರು.

“ಭಾಷಣ ಆಮೇಲೆ ಮಾಡೀರಂತೆ,” ಎಂದಳು ನಾಗವೇಣಿ. “ಮೊದ್ಲು ಮೀಸೆ ಒರೆಸ್ಕೊಳ್ರಿ. ಸಾಕ್ಷಿ ಇನ್ನೂ ಅಲ್ಲೇ ಅಂಟ್ಕೊಂಡೈತಿ!”