ಕಿವುಡರಿಲ್ಲದ ಗಣಿ

ಆ ಗಣಿಯಲ್ಲಿ ಕಿವುಡರಿಲ್ಲ. ಇಪ್ಪತ್ತೆರಡು ವರ್ಷಗಳಿಂದ ಇಲ್ಲ. ಕಚೇರಿಯ ಗಾಜಿನ ಕಪಾಟಿನಲ್ಲಿ ಇಪ್ಪತ್ತೆರಡು ಹಿತ್ತಾಳೆ ಫಲಕಗಳಿವೆ. ಪ್ರತಿಯೊಂದರ ಮೇಲೂ 'ಕೆಲಸದಿಂದ ಬಂದ ಕಿವುಡು: ಶೂನ್ಯ' ಎಂದು ಕೆತ್ತಿದೆ. ಇಪ್ಪತ್ಮೂರನೆಯದಕ್ಕೆ ಮೊಳೆ ಹೊಡೆದು ಜಾಗ ಬಿಟ್ಟಿದ್ದಾರೆ.

ಈ ಸಾಧನೆ ಸುಮ್ಮನೆ ಬಂದದ್ದಲ್ಲ. ವರ್ಷಕ್ಕೊಮ್ಮೆ ಗಣಿಯ ಡಾಕ್ಟರು ಪ್ರತಿಯೊಬ್ಬ ಕೆಲಸಗಾರನ ಕಿವಿಯನ್ನೂ ಪರೀಕ್ಷೆ ಮಾಡುತ್ತಾರೆ. ಕೆಲಸಗಾರ ಒಳಗೆ ಬರುತ್ತಾನೆ. ಡಾಕ್ಟರು, "ಕಿವಿ ಕೇಳಿಸುತ್ತಾ?" ಎಂದು ಕೇಳುತ್ತಾರೆ. ಕೇಳಿಸುತ್ತೆ ಅಂದವನು ಪಾಸು. ಕೇಳಿಸಲ್ಲ ಅಂದವನೂ ಪಾಸು, ಪ್ರಶ್ನೆ ಕೇಳಿಸದೆ ಉತ್ತರ ಬರುವುದಿಲ್ಲವಾದ್ದರಿಂದ. ಏನೂ ಹೇಳದೆ ನಿಂತವನಿಗೆ 'ವೈದ್ಯಕೀಯ ಪರೀಕ್ಷೆಗೆ ಸಹಕರಿಸಲಿಲ್ಲ' ಎಂದು ಎಚ್ಚರಿಕೆ ಪತ್ರ ಹೋಗುತ್ತದೆ.

ಡಾಕ್ಟರು ತಲೆ ಎತ್ತದೆ ಪ್ರಶ್ನೆ ಕೇಳಿದ ಮೂರು ವರ್ಷವೂ ಸಲಾಕೆಗೆ ಇಂಥ ಪತ್ರ ಬಂದಿತ್ತು.

ಸಲಾಕೆ ಅಂದರೆ ಮನುಷ್ಯನೇ. ಕೈಯಲ್ಲಿ ಸದಾ ಕಬ್ಬಿಣದ ಸಲಾಕೆ ಇರುತ್ತಿದ್ದರಿಂದ ಗಣಿಯವರೆಲ್ಲ ಹಾಗೆ ಕರೆಯುತ್ತಿದ್ದರು. ಬೆಳಗಿನ ಪಾಳಿ ಇಳಿಯುವ ಮುಂಚೆ ಒಂಬತ್ತು ಸುರಂಗಗಳ ಚಾವಣಿಯನ್ನೂ ಸಲಾಕೆಯಿಂದ ತಟ್ಟುತ್ತಾ ಹೋಗುವುದು ಅವನ ಕೆಲಸ. ಬಂಡೆ ಟಣ್ ಅಂದರೆ ಗಟ್ಟಿ. ಬೊದ್ ಅಂದರೆ ಒಳಗೆ ಬಿರುಕು, ಇವತ್ತೋ ನಾಳೆಯೋ ಬೀಳುತ್ತದೆ. ಟಣ್ ಅಂದ ಸುರಂಗಕ್ಕೆ ಒಂದು ಚೀಟಿ. ಚೀಟಿಯಲ್ಲಿ 'ಗಟ್ಟಿ' ಎಂದು ಬರೆದು ಸಹಿ ಹಾಕಿದ ಮೇಲೆಯೇ ಜನ ಒಳಗೆ ಹೋಗಬೇಕು.

ಈ ಕೆಲಸಕ್ಕೆ ಬರುವ ಮುಂಚೆ ಅವನು ಹತ್ತೊಂಬತ್ತು ವರ್ಷ ಬಂಡೆ ಕೊರೆಯುವ ಯಂತ್ರ ಹಿಡಿದಿದ್ದ. ಆ ಯಂತ್ರದ ಗದ್ದಲದಲ್ಲಿ ಸ್ವಂತ ಕೆಮ್ಮು ಕೂಡ ಕೇಳಿಸುವುದಿಲ್ಲ. ಬಲಗಿವಿ ಮೊದಲು ಹೋಯಿತು. ಎಡಗಿವಿ ಆರು ವರ್ಷದ ಹಿಂದೆ ಹೋಯಿತು. ಸಲಾಕೆ ಯಾರಿಗೂ ಹೇಳಲಿಲ್ಲ. ಹೇಳಲು ಜಾಗವಿರಲಿಲ್ಲ. ಜನರ ಮಾತನ್ನು ತುಟಿ ನೋಡಿ ತಿಳಿದುಕೊಂಡ. ಬಂಡೆಯ ಮಾತನ್ನು ಅಂಗೈಯಿಂದ ತಿಳಿದುಕೊಂಡ. ಬಲಗೈಯಿಂದ ತಟ್ಟುವುದು, ಎಡ ಅಂಗೈಯನ್ನು ಬಂಡೆಗೆ ಒತ್ತಿ ಹಿಡಿಯುವುದು. ಗಟ್ಟಿ ಬಂಡೆ ಸುಮ್ಮನಿರುತ್ತದೆ. ಪೊಳ್ಳು ಬಂಡೆ ನಡುಗುತ್ತದೆ. ಆರು ವರ್ಷದಲ್ಲಿ ಅವನ ಅಂಗೈ ಒಂದು ಸಲವೂ ತಪ್ಪಲಿಲ್ಲ.

ಏಳನೇ ಸುರಂಗದಲ್ಲಿ ಅವನ ಅಳಿಯ ಯಂತ್ರ ಹಿಡಿಯುತ್ತಿದ್ದ. ಮಗಳು ದಿನಾ ಸಂಜೆ ತಂದೆಯ ಎದುರಿಗೆ ಬಂದು, ತುಟಿ ಚೆನ್ನಾಗಿ ಅಲ್ಲಾಡಿಸಿ ಕೇಳುವಳು: "ಅಪ್ಪ, ಏಳನೇದು ಗಟ್ಟಿ ಇದೆ ತಾನೇ?"

"ಇದೆ," ಅನ್ನುವನು. ಅಷ್ಟೇ ಅವರ ಮಾತು. ಅಷ್ಟು ಸಾಕಾಗಿತ್ತು.

ಹೀಗಿರುವಾಗ ಸುರಕ್ಷತಾ ಪಕ್ಷಾಚರಣೆ ಬಂತು. ಹದಿನೈದು ದಿನ. ದ್ವಾರಕ್ಕೆ ಬ್ಯಾನರ್ ಕಟ್ಟಿದರು. ಸುತ್ತೋಲೆ ಹೊರಟಿತು:

'ಈ ಮೂಲಕ ಎಲ್ಲ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಇಂದಿನಿಂದ ಗಣಿಯ ಒಳಗೆ ದಪ್ಪ ಕೈಗವಸು ಮತ್ತು ಮುಖಗವಸು ಕಡ್ಡಾಯ. ಬರಿಗೈಯಲ್ಲಿ ಕಂಡುಬಂದವರನ್ನು ತಮ್ಮ ಸುರಕ್ಷತೆಯ ಬಗ್ಗೆ ಅಸಡ್ಡೆ ಉಳ್ಳವರೆಂದು ಪರಿಗಣಿಸಿ ಶಿಸ್ತುಕ್ರಮ ಜರುಗಿಸಲಾಗುವುದು.'

ಕೈಗವಸು ಒಳ್ಳೆಯ ಮಾಲು. ಒಂದು ಬೆರಳು ದಪ್ಪದ ರಬ್ಬರು. ಅದನ್ನು ಹಾಕಿಕೊಂಡು ಸಲಾಕೆ ಏಳನೇ ಸುರಂಗದ ಬಂಡೆ ಮುಟ್ಟಿದ. ಹಾಸಿಗೆ ಮುಟ್ಟಿದ ಹಾಗಿತ್ತು.

ಅವನು ನೇರ ಸುರಕ್ಷತಾಧಿಕಾರಿಯ ಕೋಣೆಗೆ ಹೋದ. ಅಧಿಕಾರಿ ಬ್ಯಾನರಿನ ಅಳತೆ ನೋಡುತ್ತಿದ್ದರು.

"ಸರ್, ನಂಗೆ ಗ್ಲೌಸ್ ಬೇಡ."

"ಯಾಕಪ್ಪ ಬೇಡ? ಕಂಪನಿ ಬಿಟ್ಟಿ ಕೊಡ್ತಿದೆ."

"ಬಂಡೆ ಗೊತ್ತಾಗಲ್ಲ."

"ಬಂಡೆ ಗೊತ್ತಾಗೋದು ಕಿವೀಲಿ. ಕೈಗೇನು ಕೆಲಸ ಅಲ್ಲಿ?"

"ಕಿವಿ ಹೋಗಿದೆ ಸರ್."

ಅಧಿಕಾರಿ ಎದ್ದು ಬಾಗಿಲು ಹಾಕಿ ಬಂದರು. "ಯಾವಾಗ ಹೋಯ್ತು?"

"ಆರು ವರ್ಷ ಆಯ್ತು."

ಅಧಿಕಾರಿ ಕಾಗದದ ತುಂಡಿನ ಮೇಲೆ ಗುಣಾಕಾರ ಮಾಡಿದರು. "ವರ್ಷಕ್ಕೆ ಮುನ್ನೂರು ದಿನ, ದಿನಕ್ಕೆ ಒಂಬತ್ತು ಸುರಂಗ. ಹದಿನಾರು ಸಾವಿರದ ಇನ್ನೂರು ಚೀಟಿ. ಎಲ್ಲದರ ಮೇಲೂ ನಿನ್ನ ಸಹಿ. ನಿಂಗೆ ಕಿವಿ ಇಲ್ಲ ಅಂದ್ರೆ ಇಷ್ಟೂ ಚೀಟಿ ಅಸಿಂಧು. ಚೀಟಿ ಅಸಿಂಧು ಅಂದ್ರೆ ಆರು ವರ್ಷದಿಂದ ಯಾರೂ ಗಣಿಗೆ ಇಳಿದೇ ಇಲ್ಲ ಅಂತಾಯ್ತು. ಇಳಿದಿದಾರೋ ಇಲ್ವೋ?"

"ಇಳಿದಿದಾರೆ."

"ಮತ್ತೆ? ನಿಂಗೆ ಕಿವಿ ಕೇಳಿಸುತ್ತೆ. ಹೋಗು."

ಸಲಾಕೆ ಹೋಗಲಿಲ್ಲ. "ಬೇರೆ ಯಾರನ್ನಾದ್ರೂ ಹಾಕಿ ಸರ್. ಕಿವಿ ಇರೋರನ್ನ. ಅಲ್ಲಿ ನನ್ನ ಅಳಿಯ ಇದಾನೆ."

"ಹಾಕಬಹುದು. ನಿನ್ನನ್ನ ತೆಗೆಯೋಕೆ ಕಾರಣ ಬರೀಬೇಕಲ್ಲ?" ಅಧಿಕಾರಿ ಒಂದು ನಮೂನೆ ತೆಗೆದು ತಿರುಗಿಸಿ ತೋರಿಸಿದರು. "ಇಲ್ಲಿ ಮೂರೇ ಇರೋದು ನೋಡು. ನಿವೃತ್ತಿ, ಮರಣ, ದುರ್ನಡತೆ. ಯಾವುದು ಬೇಕು?"

"ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ."

"ಹಾಗಾದ್ರೆ ಇನ್ನೆರಡು ಉಳೀತು. ಮನೇಲಿ ಕೇಳಿಕೊಂಡು ಬಾ."

ಆ ಸಂಜೆ ಮಗಳು ಎಂದಿನಂತೆ ಎದುರಿಗೆ ಬಂದು ನಿಂತಳು. "ಅಪ್ಪ, ಏಳನೇದು ಗಟ್ಟಿ ಇದೆ ತಾನೇ?"

"ಇದೆ," ಅಂದ ಸಲಾಕೆ. ಮಗಳ ಮದುವೆಯಾದ ನಾಲ್ಕು ವರ್ಷದಲ್ಲಿ, ಬಂಡೆ ಗೊತ್ತಾಗದೆ ಅವನು ಅವಳಿಗೆ ಹೇಳಿದ ಮೊದಲ ಮಾತು ಅದು.

ಫಲಕ ಕೊಡುವ ಸಮಿತಿ ಗುರುವಾರ ಬಂತು. ಮೂವರು ಸದಸ್ಯರು. ಹೊಸ ಹೆಲ್ಮೆಟ್ಟು, ಹೊಸ ಬೂಟು, ಮೂಗು ಬಾಯಿ ಮುಚ್ಚುವ ಮುಖಗವಸು. ಅವರ ಕೈಯಲ್ಲಿ ಭೇಟಿ ಪುಸ್ತಕ. ಸುರಕ್ಷತಾಧಿಕಾರಿ ಅವರನ್ನು ಏಳನೇ ಸುರಂಗಕ್ಕೆ ಕರೆತಂದರು. ಹತ್ತಿರದಲ್ಲಿ ಇದ್ದದ್ದು ಅದೇ.

ಸಲಾಕೆ ಚಾವಣಿ ತಟ್ಟಿದ. ಸಮಿತಿಯವರು ತಲೆದೂಗಿದರು. ಅವನು ಸುತ್ತ ಇದ್ದವರ ಮುಖ ನೋಡಿದ. ಪೊಳ್ಳು ಸದ್ದು ಬಂದಿದ್ದರೆ ಕೆಲಸಗಾರರ ಬಾಯಲ್ಲಿ ಅದು ಕಾಣುತ್ತಿತ್ತು. ಈಗ ಎಲ್ಲರ ಬಾಯಿಯೂ ಮುಚ್ಚಿತ್ತು. ಅಳಿಯ ಕೈ ಆಡಿಸಿ ಏನೋ ಅನ್ನುತ್ತಿದ್ದ. ಮುಖಗವಸು ಉಬ್ಬಿ ಇಳಿಯುವುದಷ್ಟೇ ಕಂಡಿತು.

ಸಲಾಕೆ ಮುಖಗವಸು ಇಳಿಸಿ, ಕೈಗವಸನ್ನು ಹಲ್ಲಿನಿಂದ ಕಚ್ಚಿ ಎಳೆದು ಅಂಗೈಯನ್ನು ಬಂಡೆಗೆ ಇಟ್ಟು ತಟ್ಟಿದ. ಬಂಡೆ ಜ್ವರ ಬಂದವನ ಹಾಗೆ ನಡುಗಿತು.

"ಆಚೆ ನಡೀರಿ. ಬೀಳ್ತದೆ."

"ಗ್ಲೌಸ್ ಹಾಕ್ಕೋ ಮೊದಲು!" ಅಂದರು ಸುರಕ್ಷತಾಧಿಕಾರಿ, ಮುಖಗವಸು ಇಳಿಸಿ, ಸಮಿತಿಯ ಎದುರು ಮಾನ ಹೋದವರ ಹಾಗೆ.

ಸಮಿತಿಯ ಹಿರಿಯ ಸದಸ್ಯರು ಕೈ ಎತ್ತಿದರು. "ಒಂದು ನಿಮಿಷ. ಕೈಗವಸು ಇಲ್ಲದ ವ್ಯಕ್ತಿ ಕೊಟ್ಟ ಎಚ್ಚರಿಕೆಯನ್ನ ನಾವು ಸ್ವೀಕರಿಸಬಹುದಾ?"

"ಸ್ವೀಕರಿಸಿದ್ರೆ ಉಲ್ಲಂಘನೆಗೆ ಪ್ರೋತ್ಸಾಹ ಕೊಟ್ಟಂಗಾಗುತ್ತೆ," ಅಂದರು ಎರಡನೆಯವರು.

"ಅವರು ಗ್ಲೌಸ್ ಹಾಕ್ಕೊಂಡು ಇನ್ನೊಂದ್ಸಲ ಹೇಳಲಿ ಬಿಡಿ. ಏನು ಮಹಾ?" ಅಂದರು ಮೂರನೆಯವರು. ಅವರಿಗೆ ಊಟದ ಹೊತ್ತಾಗಿತ್ತು.

ಮೂವರೂ ಆ ಚಾವಣಿಯ ಕೆಳಗೇ ನಿಂತು ನಿಯಮ ಪುಸ್ತಕದ ಹದಿನಾಲ್ಕನೇ ಪುಟ ಹುಡುಕಿದರು. ಅಧಿಕಾರಿಗಳು ನಿಂತಿರುವಾಗ ಹೊರಗೆ ಹೋಗುವಂತಿಲ್ಲವಾದ್ದರಿಂದ ಕೆಲಸಗಾರರೂ ನಿಂತಿದ್ದರು. ಅಳಿಯನೂ ನಿಂತಿದ್ದ. ಸಲಾಕೆ ಅವನ ಕಡೆ ನೋಡಿದ. ಆಮೇಲೆ ಹಿರಿಯ ಸದಸ್ಯರ ಕೈಯಿಂದ ಭೇಟಿ ಪುಸ್ತಕ ಕಿತ್ತುಕೊಂಡು ಹೊರಗೆ ಓಡಿದ.

ಪುಸ್ತಕದಲ್ಲಿ ಇನ್ನೂ ಯಾರೂ ಸಹಿ ಹಾಕಿರಲಿಲ್ಲ. ಸಹಿ ಇಲ್ಲದೆ ಭೇಟಿ ನಡೆದಂತಾಗುವುದಿಲ್ಲ. ಸಮಿತಿ ಅವನ ಹಿಂದೆ ಓಡಿತು. ಸಮಿತಿಯ ಹಿಂದೆ ಸುರಕ್ಷತಾಧಿಕಾರಿ ಓಡಿದರು. ಅಧಿಕಾರಿ ಓಡಿದ್ದರಿಂದ ಕೆಲಸಗಾರರಿಗೂ ಓಡಲು ಅನುಮತಿ ಸಿಕ್ಕಂತಾಯಿತು. ಕೊನೆಯವನು ಹೊರಗೆ ಕಾಲಿಟ್ಟ ಮೇಲೆ ಏಳನೇ ಸುರಂಗದ ಚಾವಣಿ ಅಷ್ಟಗಲಕ್ಕೂ ಕುಸಿಯಿತು. ಸಲಾಕೆಗೆ ಸದ್ದು ಕೇಳಿಸಲಿಲ್ಲ. ಕಾಲಿಗೆ ಗೊತ್ತಾಯಿತು.

ಹಿರಿಯ ಸದಸ್ಯರು ಮೈಮೇಲಿನ ಧೂಳು ಕೊಡವಿಕೊಂಡು ಪುಸ್ತಕ ಇಸಿದುಕೊಂಡು, 'ಭೇಟಿ ತೃಪ್ತಿಕರ' ಎಂದು ಬರೆದು ಸಹಿ ಹಾಕಿದರು.

ವಿಚಾರಣೆ ಒಂದೇ ದಿನದಲ್ಲಿ ಮುಗಿಯಿತು. ವರದಿಯಲ್ಲಿ ಹೀಗಿತ್ತು: 'ಸದರಿ ಚಾವಣಿಗೆ ಅಂದು ಬೆಳಿಗ್ಗೆ ಗಟ್ಟಿ ಎಂದು ಚೀಟಿ ನೀಡಲಾಗಿತ್ತು. ಚೀಟಿ ಪಡೆದ ಚಾವಣಿಯು ತಾನಾಗಿ ಬೀಳತಕ್ಕದ್ದಲ್ಲ. ಬೀಳುವ ಮುನ್ನ ಒಬ್ಬ ನೌಕರನು ಅದನ್ನು ಬರಿಗೈಯಿಂದ ಮುಟ್ಟಿದ್ದನ್ನು ಸಮಿತಿಯೇ ಕಂಡಿದೆ. ಆದ್ದರಿಂದ ಕುಸಿತಕ್ಕೆ ಬರಿಗೈಯೇ ಕಾರಣ.' ಸುರಂಗದ ಬಾಯಿಗೆಲ್ಲ 'ಚಾವಣಿಯನ್ನು ಬರಿಗೈಯಿಂದ ಮುಟ್ಟಬೇಡಿ, ಬೀಳುತ್ತದೆ' ಎಂಬ ಫಲಕ ಹಾಕಿದರು. ಅತಿ ಕಡಿಮೆ ಸಮಯದಲ್ಲಿ ಸುರಂಗ ತೆರವು ಮಾಡಿದ್ದಕ್ಕಾಗಿ ಗಣಿಗೆ ಇಪ್ಪತ್ಮೂರನೆಯ ಹಿತ್ತಾಳೆ ಫಲಕವೂ ಬಂತು.

ಸಲಾಕೆಯನ್ನು ದುರ್ನಡತೆಯ ಮೇಲೆ ತೆಗೆದು ಗಣಿದೀಪ ಇಡುವ ಕೋಣೆ ಗುಡಿಸುವ ಕೆಲಸಕ್ಕೆ ಹಾಕಿದರು. ಅವನಿಗೆ ಬೇಜಾರಾಗಲಿಲ್ಲ. ಕೇಳಿದ್ದು ಸಿಕ್ಕಿತ್ತು. ಅವನ ಜಾಗಕ್ಕೆ ಒಳ್ಳೆಯ ಕಿವಿಯವನು ಬೇಕೆಂದು ಹುಡುಕಿದಾಗ, ಯಂತ್ರ ಹಿಡಿದು ಇನ್ನೂ ನಾಲ್ಕೇ ವರ್ಷವಾಗಿದ್ದ ಅಳಿಯನೇ ಸಿಕ್ಕ. ಸಲಾಕೆ ಎರಡು ಭಾನುವಾರ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲು, ಗೋಡೆ, ಬಾಗಿಲು, ನೀರಿನ ಡ್ರಮ್ಮು ಎಲ್ಲ ತಟ್ಟಿಸಿದ.

"ಏನಂತು?"

"ಬೊದ್ ಅಂತು ಮಾವ."

"ಇದು?"

"ಟಣ್."

"ಸಾಕು. ಹೋಗು."

ಸೋಮವಾರ ಹೊಸ ಸುತ್ತೋಲೆ ಬಂತು:

'ಶಬ್ದದಿಂದ ಕಿವಿಗಳಿಗೆ ಹಾನಿಯಾಗುವುದು ವೈಜ್ಞಾನಿಕವಾಗಿ ಸಾಬೀತಾಗಿದೆ. ಶಬ್ದ ಆಲಿಸುವುದೇ ಕೆಲಸವಾಗಿರುವ ಸಿಬ್ಬಂದಿ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುತ್ತಾರೆ. ಆದ್ದರಿಂದ ಚಾವಣಿ ತಟ್ಟುವವರು ಇನ್ನು ಮುಂದೆ ಕರ್ತವ್ಯದ ಅವಧಿಯಲ್ಲಿ ಕಿವಿಗವಸು ಧರಿಸತಕ್ಕದ್ದು.'

ಅಳಿಯ ಸುರಕ್ಷತಾಧಿಕಾರಿಯನ್ನು ಕೇಳಿದ. "ಸರ್, ಕಿವಿ ಮುಚ್ಚಿಕೊಂಡ್ರೆ ಸದ್ದು ಹೇಗೆ ಕೇಳಿಸುತ್ತೆ?"

"ಯಾಕೆ, ನಿಮ್ಮ ಮಾವ ಆರು ವರ್ಷ ಕೇಳಿಸದೇ ನಡೆಸಲಿಲ್ವಾ?" ಅಂದರು ಅಧಿಕಾರಿ. ತಕ್ಷಣ ಬಾಗಿಲ ಕಡೆ ನೋಡಿ, ಕೆಮ್ಮಿ, "ಅಂದ್ರೆ, ಕಿವಿ ಕೇಳಿಸ್ತಿತ್ತು. ಚೆನ್ನಾಗೇ ಕೇಳಿಸ್ತಿತ್ತು," ಎಂದರು.

ಮೊದಲ ದಿನದ ಕೆಲಸ ಮುಗಿಸಿ ಬಂದ ಅಳಿಯನನ್ನು ಸಲಾಕೆ ಕೂರಿಸಿಕೊಂಡ. ಮಗಳೂ ಬಂದು ಕೂತಳು.

"ಎಂಟನೇದು ಏನಂತು?"

"ಏನೂ ಅನ್ನಲಿಲ್ಲ ಮಾವ. ಕಿವೀಲಿ ಹತ್ತಿ ತುರುಕಿದ ಹಾಗಿತ್ತು. ಚೀಟೀಲಿ ಈಗ 'ಗಟ್ಟಿ' ಅಂತ ಅಚ್ಚು ಹಾಕಿಸೇ ಕೊಡ್ತಾರೆ. ಸಹಿ ಹಾಕಿ ಬಂದೆ."

ಮಗಳು ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. "ಅಪ್ಪ, ಅಂಗೈಯೇ ಆಗಬೇಕಾ? ಬೇರೆ ಕಡೆ ಗೊತ್ತಾಗಲ್ವಾ?"

"ಚರ್ಮ ಎಲ್ಲಿದ್ರೂ ಗೊತ್ತಾಗುತ್ತೆ."

"ಹಣೆ?"

"ಹೆಲ್ಮೆಟ್ ಇದೆ," ಅಂದ ಅಳಿಯ.

"ಪಾದ?"

"ಬೂಟು. ಅಲ್ಲದೆ ಚಾವಣಿಗೆ ಪಾದ ಹೇಗೆ ಇಡ್ಲಿ? ಬಾವಲಿನಾ ನಾನು?"

"ಹಲ್ಲು? ಸಲಾಕೆ ಕಚ್ಚಿಕೊಂಡ್ರೆ?"

"ಮುಖಗವಸು. ತೆಗೆದ್ರೆ ನೋಟಿಸು."

ಸಲಾಕೆ ಕೈ ಚಾಚಿ ಅಳಿಯನ ಮುಖವನ್ನು ದೀಪದ ಕಡೆ ತಿರುಗಿಸಿದ. ಮುಖಗವಸು ಮುಗಿದು ಕಿವಿಗವಸು ಶುರುವಾಗುವ ನಡುವೆ ಎರಡು ಬೆರಳಗಲ ಕೆನ್ನೆ ಖಾಲಿ ಇತ್ತು. ಅಲ್ಲಷ್ಟೇ ಧೂಳಿನ ಗೆರೆ ಬಿದ್ದಿತ್ತು.

"ಇಲ್ಲಿ," ಅಂದ.

ಸುರಂಗದ ಚಾವಣಿ ತಗ್ಗು. ನೆಟ್ಟಗೆ ನಿಂತು ಕತ್ತು ಓರೆ ಮಾಡಿದರೆ ಕೆನ್ನೆ ತಾಗುತ್ತದೆ. ಅಳಿಯ ಮಾರನೆಯ ದಿನದಿಂದ ಕೆನ್ನೆ ಇಟ್ಟು ತಟ್ಟಿದ. ಮೂರನೇ ದಿನ ನಾಲ್ಕನೇ ಸುರಂಗ ನಡುಗುವುದು ಅವನ ಕೆನ್ನೆಗೆ ಗೊತ್ತಾಯಿತು. 'ಗಟ್ಟಿ' ಎಂಬ ಅಚ್ಚಿನ ಮೇಲೆ ಗೀಟು ಹಾಕಿ ಚೀಟಿ ವಾಪಸು ಕೊಟ್ಟ. ನಿಯಮದಲ್ಲಿ ಕೆನ್ನೆಯ ಮಾತು ಇರಲಿಲ್ಲವಾದ್ದರಿಂದ ಕಚೇರಿ ತಕರಾರು ಮಾಡಲಿಲ್ಲ. ಹದಿನೆಂಟು ಜನ ಆ ದಿನ ನಾಲ್ಕನೇ ಸುರಂಗಕ್ಕೆ ಹೋಗಲಿಲ್ಲ. ಮಧ್ಯಾಹ್ನ ಅದು ಬಿತ್ತು.

ಅವನು ಕಣ್ಣು ಮುಚ್ಚಿ ಕೆನ್ನೆಯನ್ನು ಬಂಡೆಗೆ ಇಟ್ಟು ನಿಂತಿದ್ದನ್ನು ಸುರಕ್ಷತಾಧಿಕಾರಿ ಒಂದು ದಿನ ನೋಡಿದರು. ಅವರಿಗೆ ಕಣ್ಣು ತುಂಬಿ ಬಂತು. ಮೂವತ್ತು ವರ್ಷದ ನೌಕರಿಯಲ್ಲಿ ಗಣಿಯನ್ನು ಇಷ್ಟು ಪ್ರೀತಿಸಿದವನನ್ನು ಅವರು ಕಂಡಿರಲಿಲ್ಲ. ಫೋಟೋ ತೆಗೆಸಿ, ಆಳೆತ್ತರ ದೊಡ್ಡದು ಮಾಡಿಸಿ, ಕೆಳಗೆ 'ಗಣಿಯನ್ನು ಪ್ರೀತಿಸಿ, ಸುರಕ್ಷಿತವಾಗಿರಿ' ಎಂದು ಬರೆಸಿ ದ್ವಾರಕ್ಕೆ ಹಾಕಿದರು. ಪಾಳಿ ಶುರುವಾಗುವ ಮುಂಚೆ ಎಲ್ಲರೂ ಒಂದು ನಿಮಿಷ ಬಂಡೆಗೆ ಕೆನ್ನೆ ಇಡಬೇಕೆಂದು ಆದೇಶವಾಯಿತು. ಗಣಿಯವರು ಇಟ್ಟರು. ಡಾಕ್ಟರೂ ಒಂದು ದಿನ ಬಂದು ಇಟ್ಟು ಹೋದರು.

ಫೋಟೋ ಆಳೆತ್ತರ ಇದ್ದುದರಿಂದ ಅಳಿಯನ ಕೆನ್ನೆಯ ಮೇಲಿನ ತರಚು ಗಾಯ ಒಂದು ಗೇಣು ಉದ್ದ ಕಾಣುತ್ತಿತ್ತು. ಭೇಟಿಗೆ ಬಂದ ಹಿರಿಯ ಸದಸ್ಯರು ಅದರತ್ತ ಬೆರಳು ತೋರಿಸಿ, "ಇದೇನಿದು?" ಅಂದರು. ಕಚೇರಿ ಅಂದೇ ಕಾರ್ಯಪ್ರವೃತ್ತವಾಯಿತು. ಒಂದು ವಾರದಲ್ಲಿ ಕೆನ್ನೆಗವಸು ಬಂತು. ಮೆತ್ತಗೆ, ಒಳಗೆ ಹತ್ತಿ ತುಂಬಿದ್ದು, ಎಲ್ಲರಿಗೂ ಒಂದೊಂದು ಜೊತೆ.

ಅಳಿಯ ಅದನ್ನು ಮನೆಗೆ ತಂದು ಮಾವನ ಮುಂದೆ ಇಟ್ಟ. ಹೆಲ್ಮೆಟ್ಟು, ಕಿವಿಗವಸು, ಮುಖಗವಸು, ಕೆನ್ನೆಗವಸು, ಕೈಗವಸು ಎಲ್ಲ ಹಾಕಿಕೊಂಡು ತೋರಿಸಿದ. ಸಲಾಕೆ ಅವನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದ. ಹಿಂದೆ ನಿಂತ.

"ಕುತ್ತಿಗೆ ಇದೆಯಲ್ಲ," ಅಂದ.

"ಹೌದಲ್ವಾ," ಅಂದಳು ಮಗಳು. ಗಂಡನ ಅಂಗಿ ಬಿಚ್ಚಿಸಿಕೊಂಡಳು, ಕತ್ತಿನ ಪಟ್ಟಿಯನ್ನು ಎರಡು ಬೆರಳು ಕೆಳಕ್ಕೆ ಮಡಚಿ ಹೊಲಿಯಲು ಕೂತಳು.