ಭೂಪಾಲ ಕಟ್ಟಿದ ಭಾಷೆ

ಜುಗೂಳದ ಭೂಪಾಲ ಒಂದು ಬೆಳಿಗ್ಗೆ ಚಹಾದ ಕಪ್ಪನ್ನು ಕಟ್ಟೆಯ ಮೇಲೆ ಕುಟ್ಟಿ, "ನಾ ಒಂದು ಹೊಸಾ ಭಾಷಾ ಕಟ್ಟಾಂವ" ಎಂದು ಸಾರಿದ. ಹೆಂಡತಿ ಜಿನಮತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಹೋದ ವರ್ಷ ದನದ ಕೊಟ್ಟಿಗೆ ಕಟ್ಟುತ್ತೇನೆಂದು ಹೀಗೇ ಸಾರಿದ್ದ. ಅದರ ಕಲ್ಲುಗಳು ಇನ್ನೂ ಅಂಗಳದಲ್ಲೇ ಬಿದ್ದಿದ್ದವು.

"ಇದ್ದ ಭಾಷಾ ಸಾಲದೇನ್ರಿ?"

"ಇದ್ದವು ಎಲ್ಲಾರಿಗೂ ತಿಳೀತಾವು. ಅದ ನನ್ನ ತಕರಾರು."

ತಕರಾರು ನಿಜವೇ. ಈ ಗಡಿ ಸೀಮೆಯಲ್ಲಿ ಗಂಡ ಹೆಂಡತಿ ಒಂದು ಗುಟ್ಟಿನ ಮಾತಾಡಲು ಭಾಷೆಯೇ ಉಳಿದಿಲ್ಲ. ಕನ್ನಡದಲ್ಲಿ ಅಂದರೆ ಬಂದವರಿಗೆ ತಿಳಿಯುತ್ತದೆ, ಮರಾಠಿಯಲ್ಲಿ ಅಂದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ, ಹಿಂದಿಯಂತೂ ಟೀವಿ ಕೇಳಿ ಕೇಳಿ ಹಿತ್ತಲಿನ ಎಮ್ಮೆಗೂ ಬರುತ್ತದೆ. ಭೂಪಾಲ ಮೊಬೈಲಿನಲ್ಲಿ ಎಸ್ಪೆರಾಂಟೊ ಎಂಬ ಕಟ್ಟಿದ ಭಾಷೆಯ ವಿಡಿಯೋ ನೋಡಿದ್ದ. ಯಾರೋ ಪುಣ್ಯಾತ್ಮ, ಜಗತ್ತಿನ ಜನರೆಲ್ಲ ಒಬ್ಬರ ಮಾತನ್ನು ಒಬ್ಬರು ತಿಳಿದುಕೊಳ್ಳಲಿ, ಜಗಳ ನಿಲ್ಲಲಿ ಎಂದು ಅದನ್ನು ಕಟ್ಟಿದನಂತೆ. ನಮ್ಮ ಭೂಪಾಲ ಯಾರಿಗೂ ತಿಳಿಯದಿರಲಿ ಎಂದು ಕಟ್ಟಲು ಕೂತ.

ಕಬ್ಬಿಗೆ ನೀರು ಬಿಟ್ಟು, ಬದುವಿನ ಮೇಲೆ ಕೂತು ಶಬ್ದ ಹೊಸೆದ. ಮನೆಗೆ ಬಂದ ಅತಿಥಿ ಎಂದರೆ 'ಬೋಂಕ'. ಹೋಗುವುದು 'ಲುಸ'. ಯಾವಾಗ ಎನ್ನಲು 'ಪಿಮ', ಈಗ ಎನ್ನಲು 'ನಾಟ'. ಉಳ್ಳಾಗಡ್ಡಿ ಭಜಿಗೆ 'ಢುಮ'. ಆ ಭಾಷೆಯಲ್ಲಿ ಹುಟ್ಟಿದ ಮೊಟ್ಟಮೊದಲ ವಾಕ್ಯ, "ಬೋಂಕ ಪಿಮ ಲುಸ?" ಅಂದರೆ, ಬಂದವರು ಯಾವಾಗ ಹೋಗುತ್ತಾರೆ? ಪಂಡಿತರ ಮನಸ್ಸು ಎಲ್ಲಿತ್ತೆಂದು ಬೇರೆ ಹೇಳಬೇಕಿಲ್ಲ. ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಪಾಠ ಮಾಡಿದ. ಜಿನಮತಿ ಬೇಗನೆ ಕಲಿತಳು, ಅಷ್ಟೇ ಬೇಗ ಗುರುಗಳಿಗೆ ಬೇಸರ ಬಂತು, ಪಾಠ ನಿಂತುಹೋಯಿತು.

ಹೀಗಿರಲು ಒಂದು ಮಧ್ಯಾಹ್ನ ಕಬ್ಬೂರಿನಿಂದ ಚಂಪಕ್ಕ ಬಂದಳು. ಭೂಪಾಲನ ಒಡಹುಟ್ಟಿದ ಅಕ್ಕ. ತಾಯಿ ತೀರಿದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳಲ್ಲಿ ಪ್ರೀತಿಗೆ ಕೊರತೆಯಿಲ್ಲ, ನೇಮಕ್ಕೂ ಇಲ್ಲ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುವವಳಲ್ಲ, ನೆಲದೊಳಗೆ ಬೆಳೆದ ಗಡ್ಡೆ ತಿನ್ನುವವಳಲ್ಲ. ಜೈನರ ಮನೆಯೆಂದ ಮೇಲೆ ಅದು ಎಲ್ಲರ ನೇಮವೇ, ಆದರೆ ಭೂಪಾಲನದು ಅಕ್ಕ ಎದುರಿಗಿದ್ದಾಗಿನ ನೇಮ. ಅವಳು ಬಂದಳೆಂದರೆ ಮನೆಯಲ್ಲಿ ಉಳ್ಳಾಗಡ್ಡಿ ಇಲ್ಲ, ರಾತ್ರಿಯ ಭಜಿ ಬಂದ್. ಅಂದು ಬೆಳಿಗ್ಗೆಯಷ್ಟೇ ಅವನು ಭಜಿಗೆಂದು ಕಡಲೆಹಿಟ್ಟು ತಂದಿದ್ದ.

ಸಂಜೆ ಚಂಪಕ್ಕ ಊಟಕ್ಕೆ ಮಣೆಯ ಮೇಲೆ ಕೂತಳು. ಮುಖದಲ್ಲಿ ಏನೋ ಒಂದು ನಗೆ ಅಡಗಿತ್ತು. ತನ್ನ ಭಾಷೆಯ ಮೊದಲ ಸಾರ್ವಜನಿಕ ಪ್ರಯೋಗಕ್ಕೆ ಇದೇ ಸುಮುಹೂರ್ತವೆಂದು ಭೂಪಾಲ ಗಂಟಲು ಸರಿಮಾಡಿಕೊಂಡು ಹೆಂಡತಿಯನ್ನು ಕೇಳಿದ:

"ಬೋಂಕ ಪಿಮ ಲುಸ?"

ಬಡಿಸುತ್ತಿದ್ದ ಜಿನಮತಿಯ ಸೌಟು ನಿಂತಿತು. "ರೀ, ಸುಮ್ಮ ಉಣ್ಣರಿ" ಎಂದು ಕಣ್ಣು ಅಗಲಿಸಿದಳು.

ಪಾಪ, ಪಾಠ ಮರೆತಿದ್ದಾಳೆ ಎಂದುಕೊಂಡ ಗುರುಗಳು ಇನ್ನೂ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದರು. "ಬೋಂಕ. ಪಿಮ. ಲುಸ. ಢುಮ, ಢುಮ."

ಚಂಪಕ್ಕನ ನಗೆ ಆರಿಹೋಯಿತು. ತಟ್ಟೆಯನ್ನು ಮೆಲ್ಲಗೆ ಸರಿಸಿ ಎದ್ದಳು.

"ಬೋಂಕ ನಾಟ ಲುಸ" ಎಂದಳು. ಉಚ್ಚಾರ ಕಟ್ಟಿದವನಿಗಿಂತ ಸ್ವಚ್ಛವಾಗಿತ್ತು. ಆಮೇಲೆ ಕನ್ನಡದಲ್ಲಿ, "ತವರಮನ್ಯಾಗ ನಾ ಬೋಂಕ ಆಗೇನಿ ಅಂತ ಗೊತ್ತಿರಲಿಲ್ಲೋ ಭೂಪಾ" ಎಂದು ಚೀಲ ಹಿಡಿದು ಹೊರಟೇಬಿಟ್ಟಳು.

ಭೂಪಾಲ ಹೆಂಡತಿಯತ್ತ ತಿರುಗಿದ. "ಅಕ್ಕಗ ಹೆಂಗ ಬಂತು?"

"ನಾ ಕಲಿಸೇನಿ. ನೀವು ಅರ್ಧಕ್ಕ ಕೈಬಿಟ್ರಿ, ನಾ ಯಾರ ಕೂಡ ಮಾತಾಡ್ಲಿ, ಎಮ್ಮಿ ಕೂಡ? ದಿನಾ ಫೋನಿನ್ಯಾಗ ಕಲತಾರ. 'ನನ್ನ ತಮ್ಮ ಭಾಷಾ ಕಟ್ಯಾನ' ಅಂತ ಕಬ್ಬೂರ ತುಂಬ ಹೇಳ್ಯಾರ. ಊಟಕ್ಕ ಕುಂತಾಗ ಅದರಾಗ ಮಾತಾಡಿ ನಿಮ್ಮನ್ನ ಖುಷಿ ಮಾಡಬೇಕಂತ ಬಂದಿದ್ರು." ಜಿನಮತಿಯ ದನಿ ಇಳಿಯಿತು. "ಉಪಾಸ ಹೋದ್ರು ನೋಡ್ರಿ. ಊರ ಮುಟ್ಟೂದ್ರಾಗ ಕತ್ತಲಾಗತೈತಿ. ಇನ್ನ ನಾಳೆ ಹೊತ್ತ ಹುಟ್ಟೂತನಾ ತುತ್ತಿಲ್ಲ."

ಭೂಪಾಲ ತಟ್ಟೆ ಬಿಟ್ಟು ಎದ್ದ. ಡಬ್ಬಿಯಲ್ಲಿ ರೊಟ್ಟಿ, ಹೀರೇಕಾಯಿ ಪಲ್ಲೆ, ಗೋಧಿ ಹುಗ್ಗಿ ತುಂಬಿಸಿಕೊಂಡು, ಸೋಸಿದ ನೀರಿನ ತಂಬಿಗೆ ಹಿಡಿದು ಓಡಿದ. ಸೂರ್ಯ ಆಗಲೇ ಕಬ್ಬಿನ ತಲೆ ಮುಟ್ಟಿದ್ದ. ಅಕ್ಕ ಬಂದಾಗಲೆಲ್ಲ ಬೇಗ ಮುಳುಗಪ್ಪಾ, ಅವಳು ಮಲಗಲಿ ಎಂದು ಸೂರ್ಯನನ್ನು ಬೇಡುತ್ತಿದ್ದವನು, ಇಂದು ಸ್ವಲ್ಪ ನಿಲ್ಲಪ್ಪಾ ಎಂದು ಬೇಡುತ್ತ ಓಡಿದ. ತಂಬಿಗೆಯ ಅರ್ಧ ನೀರನ್ನು ಪ್ಯಾಂಟು ಕುಡಿಯಿತು.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಅಕ್ಕ ಬೆನ್ನು ತಿರುಗಿಸಿ ಕೂತಿದ್ದಳು. ಡಬ್ಬಿಯನ್ನು ಮುಂದಿಟ್ಟು, ನೋಯಿಸಿದ ಭಾಷೆಯಲ್ಲೇ ಕ್ಷಮೆ ಕೇಳಬೇಕೆಂದು ಬಾಯಿ ತೆರೆದ. ಶಬ್ದವೇ ಇರಲಿಲ್ಲ. ಚಹಾಕ್ಕಿತ್ತು, ಭಜಿಗಿತ್ತು, ಸುಳ್ಳು ಹೇಳು ಎನ್ನಲು ಎರಡಿದ್ದವು. ವರ್ಷವರ್ಷ ಕ್ಷಮಾವಣಿಯ ದಿನ ಬಸದಿಯ ಮುಂದೆ ಕಂಡಕಂಡವರಿಗೆಲ್ಲ, ಬದುವಿಗಾಗಿ ಜಗಳಾಡಿದ ಪಕ್ಕದ ಹೊಲದ ಭರತನಿಗೂ, ಕೈಮುಗಿದು 'ಉತ್ತಮ ಕ್ಷಮಾ' ಎನ್ನುವ ಮನುಷ್ಯ, ಭಾಷೆ ಕಟ್ಟುವಾಗ ಆ ಒಂದು ಶಬ್ದವನ್ನೇ ಮರೆತಿದ್ದ. ಅವನಿಗೆ ನಾಚಿಕೆಯಾಯಿತು.

"ಅಕ್ಕಾ, ತಪ್ಪಾತು. ಉಣ್ಣು. ಹೊತ್ತ ಮುಳಗತೈತಿ."

ಚಂಪಕ್ಕ ಸೂರ್ಯನನ್ನು ನೋಡಿದಳು, ತಮ್ಮನ ಒದ್ದೆ ಪ್ಯಾಂಟನ್ನು ನೋಡಿದಳು. ಡಬ್ಬಿ ಬಿಚ್ಚಿ ಉಂಡಳು. ನೀರು ಕುಡಿದು ತಂಬಿಗೆ ಕೆಳಗಿಡುವ ಹೊತ್ತಿಗೆ ಬಸ್ಸು ಬಂತು.

"ಮನಿಗೆ ನಡಿ ಅಕ್ಕಾ."

"ಇವತ್ತ ಒಲ್ಲೆ." ಅವಳು ಸೆರಗು ಸರಿಮಾಡಿಕೊಂಡಳು. "ನಿನ್ನ ಭಾಷಾದಾಗ ಕ್ಷಮಾ ಅನ್ನಾಕ ಶಬ್ದ ಇರಲಿಲ್ಲ. ನಾನೂ ಜಿನಮತೀನೂ ಕೂಡಿ ಒಂದ ಮಾಡೇವಿ."

"ಯಾವ್ದದು? ಹೇಳು, ಈಗ ಅಂತೇನಿ."

"ಕ್ಷಮಾವಣಿಗೆ ಕಬ್ಬೂರಿಗೆ ಬಾ. ಆವಾಗ ಹೇಳತೇನಿ" ಎಂದು ಬಸ್ಸು ಹತ್ತಿದಳು.

ಭೂಪಾಲ ಖಾಲಿ ಡಬ್ಬಿ ಹಿಡಿದು ಮನೆಗೆ ಬಂದ. ಕಡಲೆಹಿಟ್ಟಿನ ಪೊಟ್ಟಣ ಒಲೆಯ ಪಕ್ಕದಲ್ಲೇ ಇತ್ತು. ಅತ್ತ ನೋಡಲು ಮನಸ್ಸಾಗಲಿಲ್ಲ. ಜಿನಮತಿ ಫೋನಿನಲ್ಲಿದ್ದಳು, ಬಸ್ಸಿನಲ್ಲಿದ್ದ ಅಕ್ಕನ ಕೂಡ. ಅವನು ಕಟ್ಟಿದ ಭಾಷೆಯಲ್ಲೇ, ಆದರೆ ಅವನು ಕಟ್ಟದ ಶಬ್ದಗಳಲ್ಲಿ, ಮಾತು ಕಾಲುವೆಯ ನೀರಿನ ಹಾಗೆ ಹರಿಯುತ್ತಿತ್ತು. ನಡುನಡುವೆ ನಗು ಬೇರೆ. ಬಾಗಿಲಲ್ಲೇ ನಿಂತು ಕಿವಿಗೊಟ್ಟ. ಅಷ್ಟೂ ಮಾತಿನಲ್ಲಿ ಭಾಷೆ ಕಟ್ಟಿದವನಿಗೆ ತಿಳಿದದ್ದು ಒಂದೇ ಶಬ್ದ: ಬೋಂಕ.

ಮನೆಗೆ ಆಗ ಅವನನ್ನು ಬಿಟ್ಟು ಬೇರೆ ಯಾರೂ ಬಂದಿರಲಿಲ್ಲ.