ಹೊಲಿಗೆ ಕಾಣದ ಕಿವಿ

ಯಾರಿಗಾದರೂ ಕಾಯಿಲೆ ಬಂದರೆ ನೆಂಟರೆಲ್ಲ ಡಾಕ್ಟರಾಗುವುದು ಎಲ್ಲ ಮನೆಯಲ್ಲೂ ಇದ್ದದ್ದೇ. ನಮ್ಮ ಮನೆಯಲ್ಲಿ ಮಾತ್ರ ಅವರು ಆಸ್ಪತ್ರೆಯನ್ನೇ ತೆರೆದುಬಿಡುತ್ತಾರೆ. ನಾನು ಮಂಡ್ಯದ ಗುತ್ತಲಿನಲ್ಲಿ ಬ್ಲೌಸ್ ಹೊಲಿಯುವವಳು. ಮಗಳ ಕಿವಿಯ ದೆಸೆಯಿಂದ ಏರಿದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಸೊಕ್ಕು

ಮಗಳ ಎಡಗಿವಿ ಸೋರುತ್ತಿತ್ತು, ಕೆಟ್ಟ ವಾಸನೆ ಬೇರೆ. ನೆಟ್ಟಗಿದ್ದ ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ನಾನು ಎಷ್ಟು ಕಿರುಚಿದರೂ ಏಳುತ್ತಿರಲಿಲ್ಲ. ಮಳವಳ್ಳಿಯಿಂದ ಬಂದಿದ್ದ ನಾದಿನಿ ಅದಕ್ಕೊಂದು ಹೆಸರಿಟ್ಟಳು. "ಕೂಗುದ್ರೂ ತಿರುಗಿ ನೋಡಾಕಿಲ್ಲ. ಸೊಕ್ಕು ಕಣತ್ತಿಗೆ, ನಿಮ್ಮಂಗೇಯ."

"ಕಿವಿ ಸೋರ್ತಾ ಅದೆ ಕಣಮ್ಮ," ಅಂದೆ.

"ಮಕ್ಳ ಕಿವಿ ಸೋರ್ದೆ ಮುದುಕ್ರ ಕಿವಿ ಸೋರ್ತದಾ?" ಎಂದು ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಟ್ಟರು. ನಾನು ಬೇಡ ಅಂದಷ್ಟೂ ಬಿಟ್ಟರು. ಕಿವಿ ಸೋರುವುದು ನಿಲ್ಲಲಿಲ್ಲ, ಮಗು ಓಡಾಡಿದ ಕಡೆಯೆಲ್ಲ ಒಗ್ಗರಣೆ ವಾಸನೆ ಬಂತು.

ಯಾರದೋ ಗವಿ

ಕೊನೆಗೆ ಮಗಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅತ್ತೆಯೂ ಹಿಂದೆಯೇ ಬಂದರು. ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಕಿವಿಯೊಳಗೆ ಬಿಟ್ಟು ಟಿವಿಯಲ್ಲಿ ತೋರಿಸಿದರು. ಕಿವಿ ತಮಟೆಯ ಹಿಂದೆ ಚರ್ಮ ಬೆಳ್ಳಗೆ ಗಂಟು ಕಟ್ಟಿತ್ತು.

"ಇದು ಒಳಗಿನ ಸಣ್ಣ ಮೂಳೆಗಳನ್ನ ತಿನ್ತಾ ಇದೆ. ಬಿಟ್ರೆ ಇನ್ನೂ ಒಳಗೆ ಹೋಗುತ್ತೆ. ಕಿವಿ ಹಿಂದೆ ಕೊಯ್ಯೋದು ಬೇಡ, ಕಿವಿ ತೂತಿನಿಂದಲೇ ಕ್ಯಾಮೆರಾ ಹಾಕಿ ತೆಗೀತೀನಿ. ಆಮೇಲೆ ಎಷ್ಟು ಕೇಳ್ಸುತ್ತೆ ಅನ್ನೋದು ಮಾತ್ರ ಈಗಲೇ ಹೇಳಕ್ಕಾಗಲ್ಲಮ್ಮ."

ಅತ್ತೆ ಟಿವಿ ನೋಡಿ, "ಇಷ್ಟು ದೊಡ್ಡ ಗವಿ ನಮ್ ಮಗೀದಲ್ಲ. ಯಾರ್ದೋ ತೋರುಸ್ತಾವ್ರೆ," ಅಂದರು.

"ಎಣ್ಣೆ ಯಾರು ಹಾಕಿದ್ದು?" ಡಾಕ್ಟರಮ್ಮ ಗದರಿದರು.

ಅತ್ತೆ ಕಣ್ಣು ಮಿಟುಕಿಸದೆ ನನ್ನ ಕಡೆ ಕೈ ತೋರಿಸಿದರು. "ಈಗಿನ್ ಎಣ್ಮಕ್ಳು ಏಳುದ್ ಮಾತು ಕೇಳಾಕಿಲ್ಲ, ಡಾಕ್ಟ್ರಮ್ಮ."

ನೋಡಾಕೇನೂ ಇಲ್ಲ

ಆಪರೇಷನ್ ಆಯಿತು. ಹೊರಗೆ ಗಾಯವಿಲ್ಲ, ತಲೆಗೆ ಪಟ್ಟಿಯಿಲ್ಲ, ಕಿವಿ ತೂತಿನಲ್ಲಿ ಒಂಚೂರು ಹತ್ತಿ ಅಷ್ಟೆ. ಮಗಳು ಮನೆಗೆ ಬಂದು ಇಡ್ಲಿ ತಿಂದಳು. ನಾನು ದೇವರಿಗೆ ಕೈಮುಗಿದೆ. ನೆಂಟರಿಗೆ ಮಾತ್ರ ಸಮಾಧಾನವಿಲ್ಲ!

ಬ್ರೆಡ್ಡು, ಮೂಸಂಬಿ ಹಿಡಿದು ಬಂದ ನಾದಿನಿ ಕಿವಿಯ ಹಿಂದೆ ಮುಂದೆ ಹುಡುಕಿದಳು. "ಹೊಲಿಗೆ ಎಲ್ಲೈತೆ ಅತ್ತಿಗೆ? ಮಳವಳ್ಳಿಯಿಂದ ಬಸ್ಸತ್ತಿ ಬಂದಿವ್ನಿ, ನೋಡಾಕೇನೂ ಇಲ್ವಲ್ಲ!"

ನನಗೆ ಮೈಯೆಲ್ಲ ಉರಿಯಿತು. "ಹೊಲಿಗೆ ಕಾಣ್ದಂಗೆ ಬ್ಲೌಸ್ ಹೊಲ್ಕೊಡಿ ಅಂತ ನನ್ ತಲೆ ತಿಂತೀಯ. ನನ್ ಮಗಳ್ ಕಿವಿಗೆ ಮಾತ್ರ ಗೋಣಿಚೀಲದ ಹೊಲಿಗೆ ಆಗ್ಬೇಕಾ ನಿಂಗೆ?"

ನಾನು ಟೀ ಕಾಯಿಸಿ ತರುವಷ್ಟರಲ್ಲಿ, ಮನೆ ಮರ್ಯಾದೆ ಉಳಿಸಲೆಂದು ಅತ್ತೆ ಮೊಮ್ಮಗಳ ತಲೆಗೆ ಹಳೇ ಪಂಚೆ ಸುತ್ತಿದ್ದರು. ಅದೂ ಚೆನ್ನಾಗಿ ಕೇಳುತ್ತಿದ್ದ ಬಲಗಿವಿಯನ್ನು ಮುಚ್ಚಿ! ಒಂದು ಕಿವಿಗೆ ಹತ್ತಿ, ಇನ್ನೊಂದಕ್ಕೆ ಪಂಚೆ. ಯಾರು ಕರೆದರೂ ಮಗು ಪಿಳಿಪಿಳಿ ನೋಡಿತು.

ನಾದಿನಿ ಕಣ್ಣೊರೆಸಿಕೊಂಡಳು. "ಈಗ ಗೊತ್ತಾಯ್ತು ಬುಡು. ದೊಡ್ಡ ಆಪ್ರೇಸನ್ನೇಯ."

ಗುಟ್ಟು

ತಿಂಗಳುಗಳು ಕಳೆದವು. ಸೋರುವುದು ನಿಂತಿತ್ತು. ಎಡಗಿವಿ ಕೇಳಿಸುತ್ತದೋ ಇಲ್ಲವೋ ಎಂಬುದೊಂದೇ ನನ್ನ ಎದೆಯಲ್ಲಿ ಕೂತಿತ್ತು. ಸೋಮವಾರ ಪರೀಕ್ಷೆಗೆ ಬನ್ನಿ ಎಂದಿದ್ದರು ಡಾಕ್ಟರಮ್ಮ. ನಾನಾಗಿ ಕರೆದು ನೋಡಲು ಧೈರ್ಯ ಸಾಲಲಿಲ್ಲ.

ಹಿಂದಿನ ದಿನ ಭಾನುವಾರ ನಾದಿನಿ ಬಂಡೂರು ಕುರಿ ಬಾಡು ತಂದಿದ್ದಳು. ಉಂಡು, ಮಗಳು ಬಲಗಿವಿಯನ್ನು ದಿಂಬಿಗೆ ಒತ್ತಿ ಮಲಗಿದಳು. ಮಂಚದ ಪಕ್ಕ ಕೂತ ನಾದಿನಿ ಅತ್ತೆಗೆ ಪಿಸುಗುಟ್ಟಿದಳು. "ಒಂದು ಕಲೆನೂ ಇಲ್ಲ ಕಣವ್ವ. ಡಾಕ್ಟ್ರಮ್ಮ ಏನೂ ಮಾಡಿಲ್ಲ, ಟೋಪಿ ಆಕವ್ಳೆ. ನಮ್ ಅತ್ತಿಗೆಗೂ ಬುದ್ದಿ ಕಮ್ಮಿ."

ನಾನು ಜಗಳಕ್ಕೆಂದೇ ಬಾಗಿಲಿಗೆ ಬಂದೆ. ಅಷ್ಟರಲ್ಲಿ ಮಗಳು ದಿಂಬಿನಿಂದ ತಲೆ ಎತ್ತದೆ, ಕಣ್ಣೂ ಬಿಡದೆ ಅಂದಳು: "ನಮ್ಮವ್ವುಂಗೆ ಬುದ್ದಿ ಐತೆ ಕಣತ್ತೆ. ಮೆತ್ಗೆ ಮಾತಾಡಿ, ನಿದ್ದೆ ಬತ್ತಾ ಅದೆ."

ಜಗಳ ಮರೆತೇಹೋಯಿತು. ಓಡಿಹೋಗಿ ಮೇಲಿದ್ದ ಆ ಎಡಗಿವಿಗೆ ಮುತ್ತಿಟ್ಟೆ, ಕಣ್ಣೀರು ನಿಲ್ಲಲಿಲ್ಲ. ನಾದಿನಿ ಸರಕ್ಕನೆ ಮಂಚದಿಂದ ದೂರ ಸರಿದಳು. ಅತ್ತೆ ಮಾತ್ರ ಹಣೆ ಚಚ್ಚಿಕೊಂಡರು.

"ನೋಡುದ್ಯಾ? ಆಪ್ರೇಸನ್ ಬ್ಯಾಡ ಅಂತ ಬಡ್ಕೊಂಡೆ, ಮಾಡ್ಸುದ್ರು. ಇನ್ಮ್ಯಾಕೆ ಸೊಸೇನ ಬೈಬೇಕು ಅಂದ್ರೆ ಮಳವಳ್ಳಿಗೇ ಓಗ್ಬೇಕು!"